ಬೀಳದವರಿಗೆ ಪ್ರವೇಶವಿಲ್ಲ

ಹಿರಿಯ ನಾಗರಿಕರ ಆರೋಗ್ಯಾಧಿಕಾರಿಗಳಾದ ಮಾನ್ಯರೇ,

ಮುದುಕರು ಬೀಳದಂತೆ ಕಲಿಸುವ ತಮ್ಮ ಸಮತೋಲನ ತರಗತಿಗೆ ಸೇರಬೇಕಾದರೆ ಮೊದಲು ಒಮ್ಮೆಯಾದರೂ ಬಿದ್ದಿರಬೇಕಂತೆ. ಈಜು ಕಲಿಯುವವರಿಗೆ ಮುಳುಗಿ ಬನ್ನಿ ಎಂದ ಹಾಗಾಯಿತು. ಈ ನಿಯಮ ಬರೆದ ಮಹಾನುಭಾವರು ಯಾವ ಮಂಚದಿಂದ ಬಿದ್ದಿದ್ದರು ಎಂದು ವಿಚಾರಿಸಬಹುದೇ?

ನಾನು ಬಸ್ ಕಂಡಕ್ಟರನಾಗಿದ್ದವನು. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತು ಟಿಕೆಟ್ ಹರಿದು, ಚಿಲ್ಲರೆಗಾಗಿ ಜಗಳವನ್ನೂ ಆಡಿದ ಕಾಲುಗಳು ಇವು. ಈಗ ಪ್ಯಾಂಟು ಹಾಕಿಕೊಳ್ಳಲು ಒಂಟಿಕಾಲಲ್ಲಿ ನಿಂತರೆ ನೆಲವೇ ಬಸ್ಸಿನಂತೆ ಹೊರಟುಬಿಡುತ್ತದೆ. ಪಕ್ಕದ ಮನೆಯ ಟೀಚರಮ್ಮನದೂ ಇದೇ ಪಾಡು. ನನ್ನ ಹಾಗೆ ಅವರೂ ಒಬ್ಬರೇ ಇದ್ದರು. ಅಡುಗೆ, ಬಟ್ಟೆ, ಕೊನೆಗೆ ನಲ್ಲಿಯ ವಾಷರ್ ಬದಲಿಸುವುದಕ್ಕೂ ಅವರದೇ ಕೈ. ಹಾಗೆಯೇ ಇರಬೇಕೆಂಬ ಆಸೆಯಿಂದ ಇಬ್ಬರೂ ತಮ್ಮ ಕಚೇರಿಗೆ ಬಂದೆವು.

"ಬಿದ್ದಿದ್ದೀರಾ?" ಎಂದರು ಗುಮಾಸ್ತರು.

"ಬೀಳಬಾರ್ದು ಅಂತಾನೇ ಬಂದಿದ್ದೀವಿ," ಎಂದರು ಟೀಚರಮ್ಮ.

"ಹಾಗಾದ್ರೆ ಬಿದ್ದ ಮೇಲೆ ಬನ್ನಿ ಅಮ್ಮ. ರೂಲ್ಸು."

ಟೀಚರಮ್ಮ ಶಿಸ್ತಿನ ಹೆಂಗಸು. ತಿಂಗಳೊಳಗೆ ಬಚ್ಚಲುಮನೆಯಲ್ಲಿ ಕಾಲು ಜಾರಿ ಬಿದ್ದು ತಮ್ಮ ಕಚೇರಿಯ ನಿಯಮವನ್ನು ಪಾಲಿಸಿದರು. ಸೊಂಟದ ಮೂಳೆ ಮುರಿಯಿತು. ತಾವೂ ಮಾತಿಗೆ ತಪ್ಪುವವರಲ್ಲ. ಅವರಿಗೆ ಸೀಟು ಸಿಕ್ಕಿದೆ ಎಂದು ಆಸ್ಪತ್ರೆಗೇ ಫೋನ್ ಬಂತು. ಕುರ್ಚಿಯ ಬೆನ್ನು ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು ಮೊದಲ ಪಾಠವಂತೆ. ಅವರು ಎರಡು ಕಾಲಲ್ಲೂ ನಿಲ್ಲಲಾರರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಗೊತ್ತಿತ್ತು. ಸೂರೆಹೋಗಲೆಂದೇ ಕಾದು ಕೂರುವ ಕಾವಲುಗಾರರನ್ನು ಈಗಲೇ ಕಂಡದ್ದು.

ಅವರ ಮಗಳು ಬಂದು ಮನೆ ಖಾಲಿ ಮಾಡಿಸಿ ತನ್ನ ಮನೆಗೆ ಕರೆದೊಯ್ದಳು. ಹೊರಡುವಾಗ ಟೀಚರಮ್ಮ, "ಕಂಡಕ್ಟ್ರೇ, ನನ್ನ ಸೀಟು ನೀವು ತಗೊಳ್ಳಿ," ಎಂದರು. ಅದನ್ನು ಕೇಳಲು ಹೋದರೆ ಗುಮಾಸ್ತರು, "ಅದು ಬಿದ್ದೋರ ಸೀಟು, ಖಾಲಿ ಇದ್ರೂ ಕೊಡೋಕಾಗಲ್ಲ," ಎಂದರು. ಸಿಟ್ಟಿನಲ್ಲಿ ತಮ್ಮ ಕಚೇರಿಯ ಮೆಟ್ಟಿಲುಗಳನ್ನು ದಡದಡನೆ ಇಳಿದೆ. ಆದರೂ ಬೀಳಲಿಲ್ಲ, ಕ್ಷಮಿಸಿ.

ಸ್ವಾಮಿ, ನಾವು ಕೇಳುತ್ತಿರುವುದೇನು? ಹಿಡಿದು ನಿಲ್ಲಲು ಒಂದು ಕುರ್ಚಿ, ಹೇಳಿಕೊಡಲು ಒಬ್ಬರು. ತಮ್ಮ ಕಚೇರಿಯಲ್ಲಿ ಕುರ್ಚಿಗಳಿಗೇನು ಬರವೇ? ಕುಳಿತವರು ತುಸು ಹೊತ್ತು ಎದ್ದರೆ ಸಾಕು.

ಆ ನಿಯಮವನ್ನು ಈ ವಾರವೇ ಕಿತ್ತುಹಾಕಿ. ನಿಂತವರನ್ನು ನಿಂತಿರುವಾಗಲೇ ಸೇರಿಸಿಕೊಳ್ಳಿ. ಇದಕ್ಕಾಗಿ ತಮ್ಮ ಕಾಲಿಗೆ ಬೀಳಲೂ ನಾನು ಸಿದ್ಧನಿದ್ದೆ. ಆದರೆ ಅದನ್ನೇ ಬಿದ್ದದ್ದೆಂದು ಹಿಡಿದು ತಾವು ಸೀಟು ಕೊಟ್ಟುಬಿಟ್ಟರೆ, ಅದಕ್ಕಾಗಿ ಸೊಂಟ ಮುರಿದುಕೊಂಡ ಟೀಚರಮ್ಮನ ಮುಖವನ್ನು ನಾನು ಹೇಗೆ ನೋಡಲಿ?

ಇಂತಿ,
ಇನ್ನೂ ನಿಂತೇ ಇರುವ ಕಾರಣಕ್ಕೆ ಅನರ್ಹನಾದ
ಒಬ್ಬ ನಿವೃತ್ತ ಕಂಡಕ್ಟರ್