ಏಳನೇ ಹೋಲ್‌ನ ಮರಗಳು

ಮೇ 7, ಗುರುವಾರ

ನಿಯಮಗಳ ಹಾಳೆ ಮತ್ತೆ ತಿದ್ದಿದ್ದಾಯಿತು. ಮಹಿಳೆಯರ ಹವ್ಯಾಸಿ ತಂಡಗಳ ಗಾಲ್ಫ್ ಟೂರ್ನಮೆಂಟ್. ನಿಯಮ ಸಮಿತಿ ಈ ವರ್ಷ ನನ್ನ ತಲೆಗೆ ಬಂದಿದೆ. ಆಟಗಾರ್ತಿಯರ ಫೋನ್ ಲಾಕರ್‌ನಲ್ಲಿ. ಸಮಿತಿಯವರದೂ ಸೇರಿ— ನಾನೇ ಹಟ ಹಿಡಿದು ಬರೆಸಿದೆ. ಮನೆಯವರು ನೋಡಲು ಬರಬಹುದು, ಆದರೆ ಗಾಲ್ಫ್ ಗಾಡಿ ಓಡುವ ದಾರಿ ಬಿಟ್ಟು ಹುಲ್ಲಿಗೆ ಇಳಿಯುವಂತಿಲ್ಲ, ಆಟಗಾರ್ತಿಯೊಡನೆ ಮಾತಾಡುವಂತಿಲ್ಲ. ಮೀರಿದರೆ ಇಡೀ ತಂಡಕ್ಕೆ ಎರಡು ಸ್ಟ್ರೋಕ್ ದಂಡ, ಅಂದರೆ ಲೆಕ್ಕಕ್ಕೆ ಎರಡು ಹೊಡೆತ ಹೆಚ್ಚು. ಹೋದ ವರ್ಷ ಒಬ್ಬರ ಗಂಡ ಪ್ರತಿ ಹೊಡೆತಕ್ಕೂ ಪಾಠ ಹೇಳುತ್ತ ಹೆಂಡತಿಯ ಬೆನ್ನಿಗೆ ಬಿದ್ದಿದ್ದರು. ಅದರ ಫಲ.

ಅತ್ತೆಗೆ ಓದಿ ಹೇಳಿದೆ. "ಕೋಲಲ್ಲಿ ಒಂದು ಚೆಂಡು ಹೊಡೆಯೋಕೆ ಇಷ್ಟೊಂದು ಕಾನೂನಾ? ನನ್ನ ಮದುವೆಗೇ ಇಷ್ಟಿರಲಿಲ್ಲ."

"ಅದಕ್ಕೇ ಅಮ್ಮಾ," ಅಂದರು ಇವರು, ಪೇಪರ್ ಇಳಿಸದೆ.

ಮೇ 9, ಶನಿವಾರ

ಮೊದಲ ಸುತ್ತು ಮುಗಿಯಿತು. ಬಿಸಿಲು. ಕಾಲು ಊದಿಕೊಂಡಿದೆ.

ಒಂದು ತಂಡದಲ್ಲಿ ಒಬ್ಬಳಿದ್ದಾಳೆ, ಜೊತೆಯವರು ಕರೆಯುವುದೇ ನಿಧಾನಿ ಅಂತ. ಒಳ್ಳೆಯ ಕೈ. ಗೆರೆ ಎಳೆದ ಹಾಗೆ ಹೊಡೆಯುತ್ತಾಳೆ. ಏಳನೇ ಹೋಲ್‌ನಲ್ಲಿ ಮಾತ್ರ ಚೆಂಡು ಎಡಗಡೆಯ ಮರಗಳೊಳಗೆ ಹೋಯಿತು. ಹುಡುಕಲು ನಿಯಮ ಕೊಡುವುದು ಮೂರು ನಿಮಿಷ, ಅಷ್ಟನ್ನೂ ಬಳಸಿಕೊಂಡಳು. ಹಿಂದಿನ ಗುಂಪಿನವರು ಗೊಣಗಿದರು.

ಅವಳ ಗಂಡ ದಾರಿ ಬಿಟ್ಟು ಒಂದು ಹೆಜ್ಜೆ ಇಳಿಯಲಿಲ್ಲ. ಐಸ್ ಡಬ್ಬ ಹೊತ್ತು ತಂದು ಎಲ್ಲರಿಗೂ ತಣ್ಣನೆ ನೀರಿನ ಬಾಟಲಿ ಹಂಚಿದರು, ನನಗೂ. ಆಗಲೇ ಹೆಸರು ಬಿದ್ದಿದೆ— ನೀರಿನಣ್ಣ. "ಇಂಥ ಗಂಡ ಸಿಗಬೇಕು ನೋಡ್ರೀ," ಅಂದಳು ಸ್ಕೋರ್ ಬರೆಯುವವಳು. ನಾನೂ ತಲೆಯಾಡಿಸಿದೆ.

ಮೇ 10, ಭಾನುವಾರ

ಮತ್ತೆ ಏಳನೇ ಹೋಲ್. ಮತ್ತೆ ಅದೇ ಮರಗಳು. ಈ ಸಲ ನಿಧಾನದ ಆಟಕ್ಕೆ ಒಂದು ಸ್ಟ್ರೋಕ್ ದಂಡ ಹಾಕಲೇಬೇಕಾಯಿತು.

"ಹಾಕಿ ಮೇಡಂ," ಅಂದಳು. ಬೇಸರವೇ ಇಲ್ಲ.

ಆಫೀಸಿನಲ್ಲಿ ನನ್ನ ಕೆಲಸ ವಿಮೆ ಕ್ಲೇಮುಗಳನ್ನು ಅನುಮಾನಿಸುವುದು. ನಷ್ಟವಾದಾಗ ಸಮಾಧಾನದಿಂದಿರುವವರನ್ನು ಕಂಡರೆ ಕಿವಿ ನಿಮಿರುತ್ತದೆ. ರಜೆ ದಿನವೂ ಈ ಚಾಳಿ ಬಿಡುವುದಿಲ್ಲವಲ್ಲ…

ಮೇ 12, ಮಂಗಳವಾರ

ನಿಧಾನಿಯ ತಂಡದ ಕ್ಯಾಪ್ಟನ್ ಆಫೀಸಿಗೇ ಬಂದಿದ್ದಳು. ಮಕ್ಕಳ ಡಾಕ್ಟರ್, ತಾನು ಆಡುವುದಿಲ್ಲ, ತಂಡ ನಡೆಸುತ್ತಾಳೆ. ಕೂರಲೂ ಇಲ್ಲ.

"ಬೇಕಂತಲೇ ಮರಕ್ಕೆ ಹೊಡೀತಿದ್ದಾಳೆ ಕಣ್ರೀ. ನನ್ನ ತಂಡ ಮುಳುಗಿಸ್ತಾಳೆ. ನಡತೆ ನಿಯಮ ಅಂತ ಬರೆದಿದ್ದೀರಲ್ಲ, ಅದನ್ನ ಹಾಕಿ ಹೊರಗೆ ಕಳ್ಸಿ."

"ಬೇಕಂತಲೇ ಅನ್ನೋಕೆ ಏನು ಆಧಾರ?"

"ಎರಡು ದಿನ, ಒಂದೇ ಜಾಗ. ಮಕ್ಕಳು ಹೊಟ್ಟೆನೋವು ಅಂತ ಸುಳ್ಳು ಹೇಳಿದ್ರೆ ಗೊತ್ತಾಗತ್ತೆ ನಂಗೆ. ಇದು ಗೊತ್ತಾಗಲ್ವಾ?"

ನಾಳೆ ಅಭ್ಯಾಸದ ದಿನ. ಜೊತೆಗೆ ನಡೆದು ನೋಡುತ್ತೇನೆ, ಆಮೇಲೆ ನಿರ್ಧಾರ ಅಂದೆ.

ಮೇ 13, ಬುಧವಾರ

ಬರೆಯುವ ಮೊದಲು ಬಾಗಿಲಿನ ಚಿಲಕ ನೋಡಿಬಂದೆ. ಯಾಕೆ?

ಏಳನೇ ಹೋಲ್. ಚೆಂಡು ಮರಗಳೊಳಗೆ. ನೀರಿನಣ್ಣ ದಾರಿಯ ಮೇಲೆ. ನಾನೂ ಅವಳ ಹಿಂದೆ ಹೋದೆ. ಹುಡುಕುತ್ತಿರಲಿಲ್ಲ. ಕಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡಿದ್ದಳು. ಚೆಂಡು ಪಕ್ಕದಲ್ಲೇ ಬಿದ್ದಿತ್ತು.

"ಚೆಂಡು ಇಲ್ಲೇ ಇದೆಯಲ್ಲ."

"ಗೊತ್ತು ಮೇಡಂ." ಕಣ್ಣು ತೆರೆಯಲಿಲ್ಲ. "ಇಲ್ಲಿ ನಾನು ಅವರಿಗೆ ಕಾಣಲ್ಲ."

ಅವಳ ಪಕ್ಕ ಕೂತೆ. ಆಮೇಲೆ ಅವಳೇ ಅಂದಳು, "ನಿಮ್ಮ ರೂಲ್ಸ್ ಚೆನ್ನಾಗಿದೆ. ಫೋನ್ ಇಲ್ಲ, ಅವರ ಮಾತಿಲ್ಲ. ಇಷ್ಟು ಸುಖ ನನಗೆ ಮನೇಲಿಲ್ಲ."

ತೋಳು ಮುಚ್ಚಿದ ಅಂಗಿ, ಈ ಬಿಸಿಲಲ್ಲಿ. ಮೂರು ದಿನದಿಂದ ನೋಡುತ್ತಿದ್ದರೂ ನಾನು ನೋಡಿರಲಿಲ್ಲ.

"ಪೊಲೀಸ್?"

"ಬಂದಿದ್ರು ಒಂದ್ಸಲ. ಅವರನ್ನೂ ಕೂರಿಸಿ, ನೀರು ಕೊಟ್ಟು ಕಳಿಸಿದ್ರು."

"ಆಡೋಕೆ ಮಾತ್ರ ಹೇಗೆ ಬಿಡ್ತಾರೆ?"

"ಕಪ್ ಬಂದರೆ ಹಾಲ್‌ನಲ್ಲಿಟ್ಟು ಎಲ್ಲರಿಗೂ ತೋರಿಸಬಹುದಲ್ಲ."

ಆಮೇಲೆ ಒಂದೇ ಉಸಿರಿಗೆ ಹೇಳಿದಳು. ಡ್ರೆಸ್ಸಿಂಗ್ ರೂಮಿನ ಆಯಾಳ ಫೋನ್‌ನಿಂದ ಚಿಕ್ಕಮ್ಮನಿಗೆ ವಿಷಯ ತಿಳಿಸಿದ್ದಾಳೆ. ಶನಿವಾರ, ಕೊನೆಯ ಸುತ್ತಿನಲ್ಲಿ, ಚಿಕ್ಕಮ್ಮ ಕಾರು ತರುತ್ತಾರೆ. ಮುಂದಿನ ಗೇಟಿನಲ್ಲಿ ಗಂಡನ ಕಾರು ಇರುತ್ತದೆ, ಅಲ್ಲಿಂದ ಆಗದು. ಈ ಮರಗಳ ಹಿಂದೆ ಇನ್ನೊಂದು ಗೇಟಿದೆ, ಆಂಬುಲೆನ್ಸ್‌ಗೆಂದು. ಬೀಗದ ಕೈ ಇರುವುದು ನನ್ನ ಬಳಿ.

"ಅದೊಂದು ತೆಗೆದಿಡಿ ಮೇಡಂ. ಇನ್ನೇನೂ ಬೇಡ."

ಚೆಂಡು ಎತ್ತಿ ಅವಳ ಕೈಗೆ ಕೊಟ್ಟೆ. ಹೊರಗೆ ಬಂದಾಗ ನೀರಿನಣ್ಣ ನಗುತ್ತ ಬಾಟಲಿ ಚಾಚಿದರು. "ಸಿಕ್ತಾ ಮೇಡಂ, ಚೆಂಡು?"

ಮೇ 14, ಗುರುವಾರ

ಆಫೀಸಿನಿಂದ ಬಂದರೆ ಸೋಫಾ ಮೇಲೆ ನೀರಿನಣ್ಣ. ಅತ್ತೆಯ ಎದುರು ಹಣ್ಣಿನ ಬುಟ್ಟಿ. ಮಂಡಿನೋವಿಗೆ ಎಣ್ಣೆ ಯಾವುದು ಒಳ್ಳೆಯದೆಂದು ಮಾತು ನಡೆದಿತ್ತು.

"ಎಂಥ ಒಳ್ಳೆ ಹುಡುಗ," ಅಂದರು ಅತ್ತೆ. "ನಿಮ್ಮ ಕ್ಲಬ್ಬಿನವರಂತೆ."

ನಾನು ಯಾರಿಗೂ ಮನೆ ವಿಳಾಸ ಕೊಟ್ಟಿಲ್ಲ.

"ಈ ಕಡೆ ಬಂದಿದ್ದೆ ಮೇಡಂ. ಹಾಗೇ ಒಂದು ಡೌಟ್. ಚೆಂಡು ಎಷ್ಟು ಹೊತ್ತು ಹುಡುಕಬಹುದು?"

"ಮೂರು ನಿಮಿಷ."

"ಅಲ್ವಾ? ನಿನ್ನೆ ವಾಚ್ ನೋಡ್ತಿದ್ದೆ, ತುಂಬಾ ಜಾಸ್ತಿ ಆಯ್ತು. ಏನೋ ಮಾತಾಡ್ತಿದ್ರಿ ಅನ್ಸತ್ತೆ ಇಬ್ಬರೂ."

"ರೂಲ್ಸ್ ಹೇಳ್ತಿದ್ದೆ."

"ಒಳ್ಳೇದಾಯ್ತು. ಅವಳಿಗೆ ಎಷ್ಟು ಹೇಳಿದ್ರೂ ತಲೆಗೆ ಹೋಗಲ್ಲ." ಎದ್ದರು. "ಶನಿವಾರ ನಾನೇ ವಾಚ್ ಹಿಡ್ಕೊಂಡಿರ್ತೀನಿ. ಹೊತ್ತಾದ್ರೆ ನಾನೇ ಒಳಗೆ ಬಂದು ಹುಡುಕಿಕೊಡ್ತೀನಿ."

"ದಾರಿ ಬಿಟ್ಟು ಇಳಿದರೆ ಇಡೀ ತಂಡಕ್ಕೆ ದಂಡ."

"ತಂಡ ನನ್ನದಲ್ಲವಲ್ಲ ಮೇಡಂ."

ಹೋದ ಮೇಲೆ ಅತ್ತೆ ಹಣ್ಣು ಹೆಚ್ಚಿದರು. ನಾನು ಬಾಗಿಲಿನ ಚಿಲಕ ಹಾಕಿಬಂದೆ.

ಇಂದು ಬೆಳಗ್ಗೆಯವರೆಗೂ ಯೋಚಿಸುತ್ತಿದ್ದೆ: ಅವಳು ಹೇಳಿದ್ದು ಮಾತ್ರ ನನ್ನ ಬಳಿ ಇರುವುದು, ಅವಳೇ ಸುಳ್ಳಾಡಿದ್ದರೆ? ಇನ್ನು ಆ ಪ್ರಶ್ನೆ ಇಲ್ಲ. ಮಿಕ್ಕಿರುವುದು ನನ್ನ ಧೈರ್ಯದ ಪ್ರಶ್ನೆ.

ಮೇ 15, ಶುಕ್ರವಾರ

ಕ್ಯಾಪ್ಟನ್ ಫೋನ್. "ಏನು ತೀರ್ಮಾನ?"

"ಆಡಲಿ."

"ಸೋತರೆ ನಿಮ್ಮ ತಲೆ ಮೇಲೆ."

"ಆಗಲಿ."

ಅವಳಿಗೆ ಹೇಳಿಬಿಡಬೇಕಿತ್ತೇ? ಬಾಯಿ ತನಕ ಬಂತು. ಡಾಕ್ಟರು, ಅರ್ಥ ಮಾಡಿಕೊಂಡಾಳು. ಆದರೆ ಗುಟ್ಟು ನಿಧಾನಿಯದು, ನನ್ನದಲ್ಲ.

ಇವರಿಗೆ ಹೇಳಿದೆ. ಪೇಪರ್ ಮಡಚಿಟ್ಟು, "ಅಮ್ಮನ ಜೊತೆ ನಾಳೆ ನಾನಿರ್ತೀನಿ," ಅಂದರು. ಬೇಡ ಅನ್ನಲಿಲ್ಲ. ಮಾಡು ಅಂತಲೂ ಅನ್ನಲಿಲ್ಲ.

ಮೇ 16, ಶನಿವಾರ, ಸಂಜೆ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಬೆಳಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಗೇಟಿನ ಬೀಗ ತೆಗೆದೆ. ಕೈಜಾರಿ ಕಲ್ಲಿನ ಮೇಲೆ ಬಿತ್ತು. ಆ ಸದ್ದಿಗೆ ನನ್ನ ಜೀವವೇ ಹೋಯಿತು. ಆಮೇಲೆ ಫೋನ್ ಲಾಕರ್‌ಗೆ ಹಾಕಿದೆ. ನಿಯಮ.

ಏಳನೇ ಹೋಲ್. ಹೊಡೆದಳು. ಚೆಂಡು ನೇರ ಹೋಯಿತು. ಗೆರೆ ಎಳೆದ ಹಾಗೆ, ಹುಲ್ಲಿನ ನಟ್ಟನಡುವೆ. ಕೈ ತನಗೆ ಗೊತ್ತಿದ್ದನ್ನೇ ಮಾಡಿತ್ತು. ಅವಳ ಮುಖ ಬಿಳಿಚಿಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನೀರಿನಣ್ಣನೂ.

ಚೆಂಡಿನ ಬಳಿ ಹೋಗಿ ನಿಂತಳು. ನನ್ನನ್ನು ನೋಡಿದಳು. ಆಮೇಲೆ ತಿರುಗಿ ನಿಂತು, ಎಲ್ಲರ ಕಣ್ಣೆದುರೇ, ಮರಗಳ ಕಡೆ ಹೊಡೆದಳು.

"ಅಯ್ಯೋ ಮುಂಡೇದೆ," ಅಂದಳು ಕ್ಯಾಪ್ಟನ್. ನೀರಿನಣ್ಣ ಐಸ್ ಡಬ್ಬ ಕೆಳಗಿಟ್ಟರು.

ಮರಗಳತ್ತ ನಡೆದೆವು, ಅವಳು ಮುಂದೆ. ಹಿಂದಿನಿಂದ ಕ್ಯಾಪ್ಟನ್ ದನಿ— "ಎಲ್ಲಿ ಹೊರಟ್ರಿ? ನಿಲ್ಲಿ ಅಲ್ಲೇ. ಹುಲ್ಲಿನ ಮೇಲೆ ಕಾಲಿಟ್ರೆ ನನ್ನ ತಂಡಕ್ಕೆ ದಂಡ ಬೀಳತ್ತೆ."

"ನನ್ನ ಹೆಂಡತಿ—"

"ಈಗ ನನ್ನ ಆಟಗಾರ್ತಿ ಅವಳು. ಮನೆಗೆ ಹೋದ ಮೇಲೆ ನಿಮ್ಮ ಹೆಂಡತಿ. ಹಿಂದೆ ಸರೀರಿ."

ತಿರುಗಿ ನೋಡಿದೆ. ಸೊಂಟಕ್ಕೆ ಕೈ ಕೊಟ್ಟು ಎದುರಿಗೆ ನಿಂತಿದ್ದಾಳೆ, ಅವರ ಎದೆಯುದ್ದವೂ ಇಲ್ಲ. ಏನೂ ಗೊತ್ತಿಲ್ಲ ಅವಳಿಗೆ. ಕಪ್ ಮಾತ್ರ ಬೇಕು. ಅಷ್ಟು ಜನರೆದುರು ಅವರು ಅವಳನ್ನು ತಳ್ಳಲಾರದೆ ನಿಂತರು.

ಮರಗಳ ಮರೆ ಸಿಕ್ಕ ಕೂಡಲೇ ನಿಧಾನಿ ಓಡಿದಳು. ಅಷ್ಟು ಜೋರಾಗಿ ಓಡಬಲ್ಲಳೆಂದು ಯಾರಿಗೂ ಗೊತ್ತಿರಲಿಲ್ಲ. ಕಾರಿನ ಬಾಗಿಲ ಸದ್ದು. ಗೇಟು ಮುಚ್ಚಿ ಬೀಗ ಹಾಕಿದೆ. ಚೆಂಡು ನನ್ನ ಕಾಲ ಬಳಿಯೇ ಇತ್ತು. ಅದನ್ನು ನೋಡುತ್ತಲೇ, "ಇನ್ನೂ ಸಿಕ್ಕಿಲ್ಲ," ಅಂತ ಕೂಗಿದೆ. ಮತ್ತೆ ಕೂಗಿದೆ. ಮೂರು ನಿಮಿಷ ಯಾವಾಗಲೋ ಮುಗಿದಿತ್ತು.

ಕೊನೆಗೆ ಚೆಂಡು ಜೇಬಿಗೆ ಹಾಕಿಕೊಂಡು ಹೊರಬಂದೆ, ಒಬ್ಬಳೇ.

ಹೆಂಡತಿ ಎಲ್ಲಿ ಅಂತ ಅವರು ಕೇಳಲಿಲ್ಲ. ನನ್ನನ್ನು ನೋಡಿದರು. "ನಿಮ್ಮ ಅತ್ತೆಯವರು ಈಗ ಮನೇಲಿ ಒಬ್ಬರೇನಾ ಮೇಡಂ?" ಮೆಲ್ಲನೆ, ಆರೋಗ್ಯ ವಿಚಾರಿಸುವ ಹಾಗೆ. ಡಬ್ಬ ಎತ್ತಿಕೊಂಡು ಮುಂದಿನ ಗೇಟಿನತ್ತ ನಡೆದರು.

ಫೋನ್ ಲಾಕರ್‌ನಲ್ಲಿ. ಓಡಿದೆ. ಕೀಲಿ ತಿರುಗಲೇ ಇಲ್ಲ ಅನ್ನಿಸಿತು. ಇವರು ಫೋನ್ ಎತ್ತಿ, "ಇಬ್ಬರೂ ಇದ್ದೀವಿ, ಬಾ," ಅಂದಾಗ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ.

ಠಾಣೆಗೆ ಹೋಗಿ ಬಂದೆವು. "ಅವರು ಬೆದರಿಕೆ ಹಾಕಿದ್ರಾ?" ಅಂತ ಕೇಳಿದರು. ಅತ್ತೆಯ ಯೋಗಕ್ಷೇಮ ಕೇಳಿದರು ಅಂದೆ. ಬರೆದುಕೊಳ್ಳುತ್ತಿದ್ದವನು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದ.

ಮೇ 17, ಭಾನುವಾರ, ಬೆಳಗ್ಗೆ

ಗುರುತಿಲ್ಲದ ನಂಬರಿನಿಂದ ಮೆಸೇಜ್: "ತಲುಪಿದೆ. ಸ್ಕೋರ್ ಎಷ್ಟಾಯ್ತು?" ಓದಿ ಅತ್ತೂ ನಕ್ಕೂ ಮುಗಿಸಿದೆ. ಅಳಿಸಿಹಾಕಿದೆ.

ಕ್ಯಾಪ್ಟನ್ ಕೂಡ ಫೋನ್ ಮಾಡಿದ್ದಳು. ಅವರ ತಂಡ ಸೋತಿದೆ. "ಅವನ ಕಣ್ಣು ಹತ್ತಿರದಿಂದ ನೋಡಿದೆ ಕಣ್ರೀ," ಅಂದಳು. "ಮೊದಲೇ ಹೇಳಬಾರದಿತ್ತಾ? ಇನ್ನೂ ಗಟ್ಟಿಯಾಗಿ ನಿಲ್ತಿದ್ದೆ."

ಹೇಳಬೇಕಿತ್ತೇನೋ.

ಚೆಂಡು ಮೇಜಿನ ಮೇಲಿದೆ. ಇವರು ಸ್ನಾನಕ್ಕೆ ಹೋಗಿದ್ದಾರೆ. ಅತ್ತೆ ಹಾಲ್‌ನಿಂದ ಕೂಗುತ್ತಿದ್ದಾರೆ, ಹೊರಗೆ ಮೆಟ್ಟಿಲ ಮೇಲೆ ಯಾರೋ ನೀರಿನ ಬಾಟಲಿ ಇಟ್ಟು ಹೋಗಿದ್ದಾರಂತೆ.

ಹೋಗಿ ಎತ್ತಿಕೊಂಡು ಬಂದೆ. ಬಾಗಿಲು ಹಾಕಿದೆ. ಬಿಸಿಲು ಆಗಲೇ ಚುರುಗುಟ್ಟುತ್ತಿದೆ, ಮೆಟ್ಟಿಲ ಕಲ್ಲು ಕಾಲು ಸುಡುತ್ತಿತ್ತು. ಬಾಟಲಿ ಮಾತ್ರ ಇನ್ನೂ ತಣ್ಣಗಿದೆ. ಅಂದರೆ—