ಹಿಂದಿನ ಸೀಟು

ಕಾಮ್ಠಿ,
೨೧ ಸೆಪ್ಟೆಂಬರ್ ೨೦೨೫

ಲಾಸ್ಯಳ ಪಪ್ಪ ಉಮಾಪತಿಯವರಿಗೆ, ವಸುಧಾಳ ನಮಸ್ಕಾರ.

ಫೋನಿದ್ದೂ ಇವಳೇಕೆ ಪತ್ರ ಬರೆದಳು ಎಂದು ಹುಬ್ಬೇರಿಸುತ್ತೀರಿ, ಗೊತ್ತು. ನಾನು ಫೋನ್ ಮಾಡಿದಾಗಲೆಲ್ಲ ನೀವು ಕಾರಿನಲ್ಲೇ ಇರುತ್ತೀರಿ. ನಾನೊಂದು ಮಾತಾಡಿದರೆ ನಿಮಗಿಂತ ಮೊದಲು ಇಂಜಿನ್ ಉತ್ತರ ಕೊಡುತ್ತದೆ. ಕನ್ನಡದಲ್ಲೇ ಏಕೆ ಎಂದರೆ, ನಾಗಪುರದಲ್ಲೇ ಹುಟ್ಟಿ ಬೆಳೆದ ನೀವು ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತೀರಿ. ಒಂದು ವಿಷಯದಲ್ಲಾದರೂ ನೀವು ನಿಧಾನವಾಗಿ ಹೋಗಲಿ ಎಂದು ನನ್ನ ಆಸೆ. ಲಾಸ್ಯಳಿಗೆ ಅಷ್ಟೂ ಓದಲು ಬಾರದು, ಅದೂ ಒಳ್ಳೆಯದೇ ಆಯಿತು.

ಆಯುಧಪೂಜೆಗೆ ಮಗಳನ್ನು ಕರೆದುಕೊಂಡು ಬಂದುಬಿಡು, ಕನ್ನಡ ಸಂಘದವರೆಲ್ಲ ಬರುತ್ತಾರೆ, ನೀವಿಬ್ಬರೂ ಇಲ್ಲದಿದ್ದರೆ ಜನ ಏನೆಂದುಕೊಂಡಾರು ಎಂದು ಹೇಳಿ ಕಳಿಸಿದ್ದೀರಿ. ಜನ ಏನೂ ಅಂದುಕೊಳ್ಳುವುದಿಲ್ಲ. ಅತ್ತಿಗೆಗೆ ಮಂಡಿ ಆಪರೇಷನ್ ಆಗಿದೆ, ನೋಡಿಕೊಳ್ಳಲು ಅಣ್ಣನ ಮಿಲಿಟರಿ ಕ್ವಾರ್ಟರ್ಸಿನಲ್ಲಿ ಇದ್ದೇನೆ ಎಂದು ಜುಲೈಯಿಂದ ಎಲ್ಲರಿಗೂ ಸುಳ್ಳು ಹೇಳುತ್ತಾ ಬಂದಿದ್ದೇನೆ. ಪಾಪ, ಗಟ್ಟಿಮುಟ್ಟಾಗಿರುವ ಅತ್ತಿಗೆ ಈಗ ಸಂಘದವರು ಯಾರಾದರೂ ಎದುರಾದರೆ ಕುಂಟಬೇಕಾಗಿದೆ. ನಿಮ್ಮ ಮರ್ಯಾದೆ ಕಾಯಲು ನಮ್ಮ ಮನೆಯವರು ಇಷ್ಟೆಲ್ಲ ಮಾಡುತ್ತಿದ್ದಾರೆ ಎನ್ನುವುದು ನಿಮಗೂ ತಿಳಿದಿರಲಿ.

ನನಗೆ ಕಾರು ಕಂಡರೆ ಆಗುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದೀರಂತೆ. ಮೊದಲಿನ ಕಾರು ಬಂದ ದಿನ ನಿಮಗಿಂತ ಹೆಚ್ಚು ಕುಣಿದವಳು ನಾನು, ನೆನಪಿದೆಯೇ? ಬುಟಿಬೋರಿಯ ಕಾರ್ಖಾನೆಯಲ್ಲಿ ಅಷ್ಟು ವರ್ಷ ಮೈ ಮುರಿದು ದುಡಿದಿದ್ದೀರಿ, ಒಂದು ಸ್ಪೋರ್ಟ್ಸ್ ಕಾರಿನ ಆಸೆ ತಪ್ಪಲ್ಲ ಎಂದು ಅತ್ತೆಯವರ ಎದುರು ವಾದಿಸಿದವಳೂ ನಾನೇ. ಅದರ ಹಿಂದಿನ ಸೀಟು ಹೆಸರಿಗಷ್ಟೇ, ಬ್ಯಾಗ್ ಇಡಬಹುದು ಇಲ್ಲವೇ ಮಗುವನ್ನು ಕೂರಿಸಬಹುದು ಎಂದು ಶೋರೂಮಿನವನು ನಕ್ಕಿದ್ದ. ನಮಗೆ ಇದ್ದದ್ದೂ ಒಂದೇ ಮಗು. ಭಾನುವಾರ ಬೆಳಗ್ಗೆ ರಾಮಟೇಕ್ ಬೆಟ್ಟದ ಗುಡಿಗೆ ಹೊರಟರೆ ಅವಳು ಅಲ್ಲಿ ಅಡ್ಡಡ್ಡ ಕೂತು, ನಮ್ಮಿಬ್ಬರ ನಡುವೆ ಗಲ್ಲ ಚಾಚಿ, ಕಿತ್ತಳೆ ಸುಲಿದು ಒಂದು ತೊಳೆ ನಿಮ್ಮ ಬಾಯಿಗೆ, ಒಂದು ನನ್ನ ಬಾಯಿಗೆ ಇಡುತ್ತಿದ್ದಳು. ಬೀಜ ಉಗುಳಲು ತನ್ನ ಅಂಗೈಯನ್ನೇ ಒಡ್ಡುತ್ತಿದ್ದಳು. ಆ ಕಾರು ನನಗೆ ನಿಜವಾಗಿಯೂ ಇಷ್ಟವಾಗಿತ್ತು.

ಆಮೇಲೆ ನಿಮಗೆ ಪ್ರೀತಮ್ ಮತ್ತು ಅವರ ಕಾರ್ ಕ್ಲಬ್ಬಿನ ಗೆಳೆತನವಾಯಿತು. ಅದೇ ಕಾರಿನ ಹೈ ಪರ್ಫಾರ್ಮೆನ್ಸ್ ಮಾಡೆಲ್ ಇದೆ, ನಿಮ್ಮದು ತರಕಾರಿ ತರಲು ಹೋಗುವವರ ಕಾರು ಎಂದು ಅವರು ಚುಚ್ಚಿದರು. ಮನೆಯಲ್ಲಿ ಪಾತ್ರೆ ಬಿದ್ದರೂ ಕೇಳದ ನಿಮಗೆ ಆ ಮಾತು ಮಾತ್ರ ಚೆನ್ನಾಗಿ ಕೇಳಿಸಿತು. ಹಳೆಯದನ್ನು ರಾಯಪುರದ ಯಾರಿಗೋ ಕೊಟ್ಟಿರಿ. ಯುಗಾದಿಯ ದಿನ ಹೊಸದು ಬಂತು. ಅದೇ ಆಕಾರ, ಅದೇ ಬೂದು ಬಣ್ಣ. ಬದಲಾದದ್ದು ಏನು ಎಂದು ನನಗೆ ಮೊದಲು ತಿಳಿಯಲೇ ಇಲ್ಲ.

ನಿಮ್ಮ ಮನೆಯ ಪದ್ಧತಿಯನ್ನು ನನಗೆ ಹೇಳಿಕೊಟ್ಟವರು ನೀವೇ. ಮಾವನವರು ರೈಲ್ವೆ ಕ್ವಾರ್ಟರ್ಸಿಗೆ ಸೈಕಲ್ ತಂದ ಕಾಲದಿಂದಲೂ ಮನೆಗೆ ಯಾವ ಗಾಡಿ ಬಂದರೂ ಮನೆಯ ಮಗಳೇ ಆರತಿ ಎತ್ತಬೇಕು, ಮೊದಲ ಸುತ್ತು ಅವಳೇ ಹೋಗಬೇಕು. ಮಾವನವರ ಸ್ಕೂಟರ್ ಬಂದ ದಿನದ ಮೊದಲ ಸವಾರಿಯ ಕಥೆಯನ್ನು ನಿಮ್ಮಕ್ಕ ಇಂದುಮತಿ ಇವತ್ತಿಗೂ ಹೇಳುತ್ತಾರೆ. ಲಾಸ್ಯ ಹಸಿರು ಲಂಗ ಹಾಕಿಕೊಂಡು, ಆರತಿ ಎತ್ತಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ತನ್ನ ಜಾಗಕ್ಕೆ ಹತ್ತಲು ಬಾಗಿಲು ತೆಗೆದಳು. ಒಳಗೆ ಸೀಟೇ ಇರಲಿಲ್ಲ. ಅಡ್ಡಕ್ಕೆ ಕಬ್ಬಿಣದ ಸರಳು, ಕೆಳಗೆ ಬರೀ ಹಾಸು. ಈ ಬಾಗಿಲು ತಪ್ಪಿರಬೇಕು ಎಂದುಕೊಂಡು ಆ ಕಡೆ ಹೋಗಿ ಇನ್ನೊಂದು ಬಾಗಿಲನ್ನೂ ತೆಗೆದು ನೋಡಿದಳು. ನನ್ನ ಸೀಟೆಲ್ಲಿ ಎಂದು ಕೇಳಿದಳು. ಪ್ರೀತಮ್ ಮತ್ತವರ ಗೆಳೆಯರು ಸುತ್ತ ನಿಂತಿದ್ದರು. ನೀವು ಅವರಿಗೂ ಕೇಳುವಂತೆ ಹೆಮ್ಮೆಯಿಂದ ಹೇಳಿದಿರಿ: "ಅದನ್ನ ತೆಗೆಸಿದೀನಿ ಪುಟ್ಟಾ. ವಜನ್ ಕಮ್ಮಿ ಆದ್ರೇನೇ ಸ್ಪೀಡ್ ಬರೋದು."

ಎಲ್ಲರೂ ನಕ್ಕರು. ಮುಂದಿನ ಸೀಟಿನ ಬೆಲ್ಟ್ ಅವಳ ಅಳತೆಗೆ ದೊಡ್ಡದು, ಇನ್ನೂ ಸ್ವಲ್ಪ ಎತ್ತರವಾಗಲಿ ಎಂದಿರಿ. ಮೊದಲ ಸುತ್ತು ಪ್ರೀತಮ್ ಹೋದರು. ನಾನು ಆರತಿ ತಟ್ಟೆ ಹಿಡಿದು ಗೇಟಿನಲ್ಲಿ ನಿಂತಿದ್ದೆ. ನೀವು ಮರೆತಿದ್ದರೆ ಕ್ಷಮಿಸುತ್ತಿದ್ದೆ. ಆದರೆ ಬುಕ್ ಮಾಡುವಾಗ ಆ ಸೀಟು ಬೇಕೋ ಬೇಡವೋ ಎಂದು ಕಂಪನಿಯವರು ಕೇಳಿದ್ದರು, ನೀವು ಬೇಡ ಎಂದಿರಿ. ಅದನ್ನು ಹೇಳಿದ್ದೂ ನೀವೇ, ಅದೂ ಜಂಬದಿಂದ.

ಜುಲೈಯಲ್ಲಿ ನಾನು ಮುಖ ಊದಿಸಿಕೊಂಡು ಕೂತಾಗ ನೀವು ಪರಿಹಾರ ಹುಡುಕಿದಿರಿ. ನಮಗೊಂದು ದೊಡ್ಡ ಗಾಡಿ, ಮರಿಯಪ್ಪ ಡ್ರೈವರ್, ಮುಂದೆ ನಿಮ್ಮ ಕಾರಿನಲ್ಲಿ ನೀವು, ಹಿಂದೆ ಅದರಲ್ಲಿ ನಾವು, ಎಲ್ಲರೂ ಕೂಡಿಯೇ ರಾಮಟೇಕಿಗೆ. ಕನ್ಹಾನ್ ಸೇತುವೆ ದಾಟುವಷ್ಟರಲ್ಲಿ ನೀವು ಕಣ್ಣಿಗೇ ಕಾಣದಾದಿರಿ. ಜಲ್ದಿ ಓಡಿಸಿ ಎಂದು ಲಾಸ್ಯ ಮರಿಯಪ್ಪನ ಬೆನ್ನು ಬಿದ್ದಳು. ನಾವು ಬೆಟ್ಟದ ಬುಡ ಮುಟ್ಟುವ ಮೊದಲೇ ನೀವು ಹೋಗಿ ಮುಟ್ಟಿ, ತಿರುಗಿ, ಎದುರಿನಿಂದ ಬಂದಿರಿ. ಲೈಟ್ ಮಿನುಗಿಸಿ ದಾಟಿ ಹೋದಿರಿ. ಅವಳು ಎತ್ತಿದ ಕೈ ಎತ್ತಿದಂತೆಯೇ ಇತ್ತು. ಹೊತ್ತಾದ ಮೇಲೆ ಅವಳೇ ಅದನ್ನು ಮಡಿಲಲ್ಲಿ ಇಟ್ಟುಕೊಂಡಳು. ಹಿಂದಿರುಗುವಾಗ ನಾನು ಕಾಮ್ಠಿಯಲ್ಲಿ ಗಾಡಿ ನಿಲ್ಲಿಸಲು ಹೇಳಿದೆ. ಅಣ್ಣನ ಮನೆಯಲ್ಲಿ ಇಳಿದವರು ಮತ್ತೆ ಹತ್ತಲಿಲ್ಲ. ನಾವಿಬ್ಬರೂ ಮನೆಗೆ ಬಂದಿಲ್ಲ ಎನ್ನುವುದು ನಿಮಗೆ ತಿಳಿದದ್ದು ಸಂಜೆ, ಅದೂ ಮರಿಯಪ್ಪ ಹೇಳಿದ ಮೇಲೆ.

ನಾನು ಕಾರು ಮಾರಿ ಎಂದು ಕೇಳುತ್ತಿಲ್ಲ. ಕೇಳಿದರೆ ನೀವು ಒಂದು ವೇಳೆ ಮಾರಿಯೂಬಿಡುತ್ತೀರಿ, ಆಮೇಲೆ ಜೀವಮಾನವಿಡೀ ಆ ತ್ಯಾಗದ ಕಥೆಯನ್ನು ನಾವು ಕೇಳಬೇಕಾಗುತ್ತದೆ. ನಿಮ್ಮ ಮೇಲೆ ಕೋಪ ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಮೈ ಉರಿಯುವಷ್ಟು ಕೋಪವಿದೆ. ಆದರೂ ಬೆಳಗ್ಗೆ ಹೊರಗೆ ಯಾವುದಾದರೂ ದೊಡ್ಡ ಸದ್ದಿನ ಗಾಡಿ ಬಂದರೆ ನಾವಿಬ್ಬರೂ ಒಬ್ಬರಿಗೊಬ್ಬರು ಕಾಣದಂತೆ ಕಿಟಕಿಯ ಕಡೆ ನೋಡುತ್ತೇವೆ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ.

ಪೂಜೆಗೆ ನಾವು ಬರುವುದಿಲ್ಲ. ಬೂದುಗುಂಬಳ ಮರಿಯಪ್ಪ ಒಡೆಯಲಿ, ಆರತಿಗೆ ಪ್ರೀತಮ್ ಇದ್ದಾರೆ. ನನ್ನ ಮಗಳು ತಾನು ಹತ್ತಲಾಗದ ಕಾರಿಗೆ ಇನ್ನೊಮ್ಮೆ ಕುಂಕುಮ ಹಚ್ಚುವುದು ಬೇಡ.

ಇಂತಿ,
ವಸುಧಾ

ತಾ. ಕ.: ಮಗಳು ಇಷ್ಟೇಕೆ ಇಳಿದುಹೋಗಿದ್ದಾಳೆ ಎಂದು ಮೊನ್ನೆ ವೀಡಿಯೋ ಕಾಲಿನಲ್ಲಿ ಕೇಳಿದಿರಿ, ವೈರಲ್ ಜ್ವರ ಎಂದೆ. ಜ್ವರ ಬಂದಿರಲಿಲ್ಲ. ಅವಳು ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಾಳೆ, ಸ್ನಾನವಾದ ಮೇಲೆ ಅಣ್ಣನ ತೂಕದ ಯಂತ್ರದ ಮೇಲೆ ಹತ್ತಿ ನೋಡುತ್ತಾಳೆ. ನಿನ್ನೆ ಡಾಕ್ಟರು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಹೊರಗೆ ಬಂದ ಮೇಲೆ ನನ್ನ ಸೆರಗು ಎಳೆದು ಕೇಳಿದಳು: "ಅಮ್ಮಾ, ಪಪ್ಪಾ ತೆಗೆಸಿದ ಸೀಟ್ ಎಷ್ಟು ವಜನ್ ಇತ್ತು?" ತಾನು ಅಷ್ಟೇ ತೂಕ ಇಳಿದರೆ ಸೀಟನ್ನು ಮತ್ತೆ ಹಾಕಿಸಬಹುದಂತೆ, ಸ್ಪೀಡ್ ಕಮ್ಮಿ ಆಗುವುದಿಲ್ಲವಂತೆ. ನನಗೆ ಗೊತ್ತಿಲ್ಲ ಎಂದೆ. ಹಾಗಾದರೆ ಪಪ್ಪನನ್ನೇ ಕೇಳುತ್ತೇನೆ ಎಂದಿದ್ದಾಳೆ. ನಿಮಗೆ ಅದು ಗ್ರಾಮಿನವರೆಗೂ ಬಾಯಿಪಾಠ. ಅವಳು ಫೋನ್ ಮಾಡಿದರೆ ದಯವಿಟ್ಟು ಹೇಳಬೇಡಿ.