ಬಾನರ್ ಎಂಬ ಹೆಸರಿನ ಅಳತೆ

ಫೆಬ್ರವರಿ 3. ಡಂಗ್ಲೋ

ನಮ್ಮ ಹೆಸರಿನ ಮೂಲ ಹುಡುಕಲು ಇಲ್ಲಿಯವರೆಗೆ ತಗುಲಿದ್ದು: ಲೆಟರ್‌ಕೆನ್ನಿಗೆ ಆರು ಓಡಾಟ. ಒಂದು ಕನ್ನಡಕ—ಲೈಬ್ರರಿಯಲ್ಲಿ ನಾನೇ ಅದರ ಮೇಲೆ ಕೂತೆ. ಹೆಂಡತಿ ಊನಾಳ ತಾಳ್ಮೆ, ಪೂರ್ತಿ. ಕುಲಲಾಂಛನದ ಬೋರ್ಡು, ನೂರಾನಲವತ್ತು ಯೂರೋ. ಅಂಗಡಿಯಲ್ಲಿ ಲಿನೋಲಿಯಂ ಸುರುಳಿಗಳ ಮೇಲೆ ತೂಗುಹಾಕಿದ್ದೇನೆ. ಒಂದು ಸಿಂಹ, ಎರಡು ಗುಲಾಬಿ. ‘ಬಾನರ್: ಫ್ರೆಂಚ್ ಮೂಲ. ಸಭ್ಯರು, ಕುಲೀನರು.’ ವ್ಯಾನಿನಲ್ಲಿ ಊರೂರು ಸುತ್ತಿ ಕಾರ್ಪೆಟ್ ಮಾರಿ ಮೇಲೆ ಬಂದವನಿಗೆ ಇಷ್ಟು ಕುಲೀನತೆ ದುಬಾರಿಯೇನಲ್ಲ.

ಎದುರಿನ ಹ್ಯೂಯಿ ಕ್ರಾಂಪ್ಸಿ ನೋಡಲು ಬಂದ. ಮುಂದೆ ಪಬ್ಬು, ಹಿಂದೆ ಶವಪೆಟ್ಟಿಗೆ. ಎರಡೂ ಅವನದೇ ವ್ಯಾಪಾರ.

“ಸಿಂಹ ಯಾಕೋ ಹಸಿದಂಗಿದೆ ಮ್ಯಾನಸ್. ಒಂದು ಮೂಳೆ ಹಾಕು. ನಿಮ್ಮ ಹೆಸರೇ ಇಂಗ್ಲಿಷಿನ ‘ಬೋನ್’, ಅಂದ್ರೆ ಮೂಳೆಯಿಂದ ಬಂದಿದ್ದಂತಲ್ಲ.”

“ನಿನ್ನ ಹೆಸರಿಗೆ ಅಷ್ಟೂ ಅರ್ಥ ಇಲ್ಲ. ನೆಗಡಿಯಾದೋನು ಸೀನಿದಂಗಿದೆ.”

“ಆಡ್ಕೋ, ಆಡ್ಕೋ. ಕೊನೆಗೆ ನನ್ನ ಅಂಗಡಿಗೇ ಬರಬೇಕು ಕಣಯ್ಯ, ಮಲಗ್ಕೊಂಡು.”

ಫೆಬ್ರವರಿ 9. ಭಾನುವಾರ

ಊಟಕ್ಕೆ ಮಗಳು ಫಿಡೆಲ್ಮಾ, ಜೊತೆಗೆ ಅವಳ ಸಂಗಾತಿ ನೀಲ್ ಹೆದರಿಂಗ್ಟನ್. ಅವಳಿಗೆ ಏಪ್ರಿಲ್‌ನಲ್ಲಿ ಹೆರಿಗೆ. ಫ್ರೆಂಚ್ ಪುರಾಣವನ್ನು ಆಲೂಗಡ್ಡೆ ತಣ್ಣಗಾಗುವವರೆಗೂ ಬಿಚ್ಚಿದೆ.

“ಮಗು ಹೆದರಿಂಗ್ಟನ್ ಆಗತ್ತೆ ಡ್ಯಾಡಿ,” ಅಂದಳು.

“ಮತ್ತೆ ನಮ್ಮ ಹೆಸರು?”

“ಅದು ಮುಗೀತಲ್ಲ. ನೀನೇ ಹೇಳಿದ್ದು. ನನಗಾಗ ಏಳು ವರ್ಷ. ಹ್ಯೂಯಿ ಪಬ್ಬಲ್ಲಿ ನಿನ್ನ ಪಕ್ಕ ಸ್ಟೂಲ್ ಮೇಲೆ ಕೂತು ಚಿಪ್ಸ್ ತಿಂತಿದ್ದೆ. ‘ಗಂಡುಮಗ ಇಲ್ಲ, ಬಾನರ್ ಅನ್ನೋದು ನನ್ನಲ್ಲಿಗೇ ಕೊನೆ’ ಅಂತ ಇಡೀ ಪಬ್ಬಿಗೆ ಸಾರಿದೆ. ಮುಗಿದ ಹೆಸರನ್ನ ನಾನು ಹೇಗೆ ಕೊಡ್ಲಿ?”

ಊನಾ ಗ್ರೇವಿ ಬಟ್ಟಲನ್ನೇ ನೋಡುತ್ತಿದ್ದಳು. ಮಾತು ಮಾರಿ ಬದುಕಿದವನು ನಾನು. ತಣ್ಣಗಾದ ಆಲೂಗಡ್ಡೆ ತಿಂದು ಮುಗಿಸಿದೆ.

ಫೆಬ್ರವರಿ 27

ಹದಿನೆಂಟು ದಿನ ಬರೆದಿಲ್ಲ. ಅಂಗಡಿ, ಲೈಬ್ರರಿ, ಅಂಗಡಿ. ಹೆಸರು ದೊಡ್ಡದೆಂದು ತೋರಿಸಿದರೆ ಮಗಳು ಮನಸ್ಸು ಬದಲಿಸಿಯಾಳು... ಅಷ್ಟೇ ಆಸೆ.

ಇವತ್ತು ಚರ್ಚಿನಲ್ಲಿ ಹುಟ್ಟಿದ ಮಕ್ಕಳ ಹೆಸರು ಬರೆದಿಡುವ ಹಳೆಯ ದೀಕ್ಷಾಸ್ನಾನದ ಪುಸ್ತಕದಲ್ಲಿ ನನ್ನ ಮುತ್ತಜ್ಜ ಸಿಕ್ಕ. ತಂದೆ ಓವನ್, ತಾಯಿ ಶೀಲಾ. ಮಗುವಿನ ಹೆಸರು ಜೇಮ್ಸ್ ಬಾನರ್. ಸರಿ. ಮೂರು ವರ್ಷ ಹಿಂದಕ್ಕೆ ಹೋದೆ. ಅದೇ ಓವನ್, ಅದೇ ಶೀಲಾ, ಅದೇ ಹಳ್ಳಿ. ಮೊದಲ ಮಗು—ಹ್ಯೂ ಕ್ರಾಂಪ್ಸಿ.

ಕ್ರಾಂಪ್ಸಿ! ಒಂದೇ ಹೊಟ್ಟೆಯ ಇಬ್ಬರಿಗೆ ಎರಡು ಹೆಸರು. ನಡುವೆ ಪಾದ್ರಿ ಬದಲಾಗಿದ್ದಾರೆ, ಕೈಬರಹವೇ ಹೇಳುತ್ತದೆ.

ಹೊಸ ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದೆ. ಅಳಿಸಿಹೋಗಿರಲಿಲ್ಲ.

ಮಾರ್ಚ್ 6. ರಾನಾಫಾಸ್ಟ್

ಆ ಹಳ್ಳಿಯ ಅಜ್ಜಿ ಮ್ಯಾಗಿಗೆ ತೊಂಬತ್ತೊಂದು. ಐರಿಷ್ ಅವಳ ಮನೆಮಾತು. ಹಜಾರದ ಕಾರ್ಪೆಟ್ ಅಳೆಯುವ ನೆಪದಲ್ಲಿ ಹೋದೆ.

“ಯಾರಪ್ಪ ನೀನು?”

“ಮ್ಯಾನಸ್ ಬಾನರ್.”

“ಅದೊಂದು ಹೆಸರಾ? ಕಲ್ಲೆಸೆದ್ರೆ ಒಬ್ಬ ಬಾನರ್‌ಗೆ ಬೀಳತ್ತೆ ಇಲ್ಲಿ. ಯಾರ ಮನೆಯೋನು?”

“ಮ್ಯಾನಸ್ ಜಾನಿ ನ್ಯಾನ್ಸಿ.” ನಾನು, ನನ್ನಪ್ಪ, ಅಪ್ಪನ ಅಮ್ಮ. ಇಲ್ಲಿ ಗುರುತು ಹೇಳುವುದು ಹೀಗೆಯೇ.

“ಓ, ನ್ಯಾನ್ಸಿ ಮೊಮ್ಮಗ! ಕೂತ್ಕೋ ಮಗನೇ.”

ಎರಡು ಹೆಸರಿನ ಕಥೆ ಹೇಳಿದೆ. ನಕ್ಕಳು, ಟೀ ತುಳುಕುವಷ್ಟು.

“ಎರಡೂ ಒಂದೇ ಕಣೋ. ಐರಿಷಲ್ಲಿ ಓ ಕ್ರಾವ್‌ಶಿ. ಒಬ್ಬ ಪಾದ್ರಿ ಕಿವಿಗೆ ಬಿದ್ದಂಗೆ ಕ್ರಾಂಪ್ಸಿ ಅಂತ ಬರ್ಕೊಂಡ. ಇನ್ನೊಬ್ಬ ಸ್ವಲ್ಪ ಓದಿದೋನು. ‘ಕ್ರಾವ್’ ಅಂದ್ರೆ ಮೂಳೆ, ಇಂಗ್ಲಿಷಲ್ಲಿ ‘ಬೋನ್’, ಹಾಗಾದ್ರೆ ಬಾನರ್ ಅಂದ.”

“ಹಾಗಾದ್ರೆ ನಾವು ಮೂಳೆಯೋರೇ?”

“ಥೂ, ಮೂಳೆ ಎಲ್ಲಿಂದ ಬಂತು! ಕ್ರಾವ್‌ಶಾ ಅಂದ್ರೆ ಸೂಲಗಿತ್ತಿ. ಬೇರೆಯೋರೆಲ್ಲ ಯಾರೋ ಒಬ್ಬ ಗಂಡಸಿನ ವಂಶ. ನೀವು ಸೂಲಗಿತ್ತಿ ಮಕ್ಕಳು. ಊರಿಗೆ ಊರೇ ಅವಳ ಕೈಯಲ್ಲಿ ಹುಟ್ಟಿರ್ಬೇಕು, ಅದಕ್ಕೇ ಗಂಡನ ಹೆಸರು ಯಾರಿಗೂ ನೆನಪಿಲ್ಲ.”

ಅಳತೆ ಟೇಪು ಕೈಯಲ್ಲೇ ಉಳಿಯಿತು. ಹೆಸರು ಹುಟ್ಟಿದ್ದೇ ಒಬ್ಬ ಹೆಂಗಸಿನಿಂದ. ನನ್ನನ್ನು ಊರು ಕರೆಯುವುದೂ ನ್ಯಾನ್ಸಿಯಿಂದ. ಗಂಡುಮಗ ಬೇಕೆಂದು ಹೇಳಿದವರು ಯಾರು? ನಾನೊಬ್ಬನೇ.

ಮನೆಯವರೆಗೂ ಕಾರಿನಲ್ಲಿ ನೆಟ್ಟಗೆ ಕೂತು ಬಂದೆ. ಯಾವ ಫ್ರೆಂಚ್ ಸಿಂಹವೂ ಅಷ್ಟು ನೆಟ್ಟಗೆ ಕೂತಿರಲಾರದು.

ಮಾರ್ಚ್ 7

ಬೋರ್ಡು ಕೆಳಗಿಳಿಸಿದೆ. ಹ್ಯೂಯಿಗೆ ಪುಸ್ತಕದ ಪ್ರತಿ ತೋರಿಸಿದೆ. ಮೂರು ಸಲ ಓದಿದ.

“ಈ ಹ್ಯೂ ನಮ್ಮ ಮುತ್ತಜ್ಜ ಕಣೋ. ಅಂದ್ರೆ ನಾವು ದಾಯಾದಿಗಳು?”

“ಹೌದು.”

“ಅಯ್ಯೋ ದೇವರೇ! ನಿನಗೆ ಪೆಟ್ಟಿಗೇಲಿ ರಿಯಾಯಿತಿ ಕೊಡ್ಬೇಕಲ್ಲೋ!”

ಮಾರ್ಚ್ 9. ಭಾನುವಾರ

ಫಿಡೆಲ್ಮಾಗೆ ಎಲ್ಲ ಹೇಳಿದೆ. ಈ ಸಲ ಚಿಕ್ಕದಾಗಿ. ಕೊನೆಗೆ—“ಅವತ್ತು ಪಬ್ಬಲ್ಲಿ ನಾನು ತಪ್ಪು ಅಳೆದೆ ಕಣಮ್ಮ. ಹೆಸರು ನನ್ನಲ್ಲಿಗೆ ಮುಗಿಯಲ್ಲ. ಅದು ನಿಂದೇ. ಕೊಡೋದು ಬಿಡೋದು ನಿನ್ನಿಷ್ಟ.”

“ಇದನ್ನ ಹೇಳೋಕೆ ಲೆಟರ್‌ಕೆನ್ನಿಗೆ ಎಷ್ಟು ಸಲ ಹೋದೆ?”

“ಹನ್ನೊಂದು.”

“ಹತ್ತಿರದ ದಾರಿ ಇತ್ತು ಡ್ಯಾಡಿ.” ಕೈ ಹಿಡಿದಳು.

ಏಪ್ರಿಲ್ 19

ಹೆಣ್ಣು. ಬ್ರೋನಾ. ಮೂರು ಕಿಲೋ ಇನ್ನೂರು. ಕೈಗೆ ಕಟ್ಟಿದ ಪಟ್ಟಿಯಲ್ಲಿ ‘ಬಾನರ್’. ಲೆಕ್ಕಕ್ಕಿಲ್ಲ, ಆಸ್ಪತ್ರೆಯಲ್ಲಿ ಯಾವಾಗಲೂ ತಾಯಿಯ ಹೆಸರೇ ಬರೆಯುತ್ತಾರೆ. ಜನನ ನೋಂದಣಿ ಇನ್ನೂ ಆಗಬೇಕು. ಯಾವ ಹೆಸರೆಂದು ಕೇಳಬಾರದು. ಕೇಳಲಿಲ್ಲ.

ಮೇ 4. ಭಾನುವಾರ

ನೋಂದಣಿಯಾಯಿತು. ಫಿಡೆಲ್ಮಾ ಕಾಗದವನ್ನು ನನ್ನ ತಟ್ಟೆಯ ಕೆಳಗೆ ಇಟ್ಟಿದ್ದಳು. ಬ್ರೋನಾ ಹೆದರಿಂಗ್ಟನ್ ಬಾನರ್. ಬಾನರ್ ಕೊನೆಯಲ್ಲಿ, ಇರಬೇಕಾದ ಜಾಗದಲ್ಲಿ. ಊನಾ ನನಗೆ ಕರವಸ್ತ್ರ ಕೊಟ್ಟಳು. ಮೊದಲೇ ಮಡಿಚಿಟ್ಟುಕೊಂಡಿದ್ದಳು, ಜಾಣೆ.

ಯಾರಿಗೆ ಏನು ದಕ್ಕಿತು:

ಮ್ಯಾಗಿಗೆ ಹಜಾರದ ಕಾರ್ಪೆಟ್, ಹಸಿರು.

ಹ್ಯೂಯಿಗೆ, ಹಕ್ಕಿನಿಂದ ಬೈಯಲು ಒಬ್ಬ ದಾಯಾದಿ. ಸಿಂಹದ ಬೋರ್ಡೂ ಅವನಿಗೇ; ಪಬ್ಬಿನವರು ಅದಕ್ಕೆ ಗುರಿಯಿಟ್ಟು ಡಾರ್ಟ್ಸ್ ಎಸೆಯುತ್ತಿದ್ದಾರೆ.

ನೀಲ್‌ಗೆ ನಡುವಿನ ಜಾಗ. ನಗುತ್ತಲೇ ಒಪ್ಪಿದ. ಒಳ್ಳೆಯ ಹುಡುಗ.

ಊನಾಳಿಗೆ, ಇಷ್ಟು ದಿನ ನನ್ನ ಕಾಗದಗಳು ಹರಡಿದ್ದ ಅಡುಗೆಮನೆ ಮೇಜು ವಾಪಸ್.

ಬ್ರೋನಾಳಿಗೆ ಮುಂದೆ ಯಾರಾದರೂ ಕೇಳಿದರೆ ಹೇಳಲು ಒಂದು ಗುರುತು: ಬ್ರೋನಾ ಫಿಡೆಲ್ಮಾ ಮ್ಯಾನಸ್. ಅದರಲ್ಲಿ ನಾನು ಕೊನೆಯವನು. ಈ ಸಲ ಸರಿಯಾದ ಅರ್ಥದಲ್ಲಿ.

ನನಗೆ—ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಬಲಗೈ ಮೇಲೆ ಅವಳು ಮಲಗಿದ್ದಾಳೆ. ನನಗೆ ದಕ್ಕಿದ್ದು ಇಷ್ಟು ಅಂತ ಬರೆದು ಗೆರೆ ಎಳೆಯೋಣ ಅಂದರೆ, ಬ್ರೋನಾ ಎದ್ದಳು—